ಗುಜರಿ ಕಬ್ಬಿಣ, ಹಳೇ ಪ್ಲಗ್, ಸೈಕಲ್ ಚೈನು: ಕಾರ್ ಎಂಜಿನ್ ಕೆಲಸಕ್ಕೆ ಮನೆಯಲ್ಲೇ ಸಾಧನ ಮಾಡಿಕೊಳ್ಳುವ ಮಾರ್ಗದರ್ಶಿ

ಭಾನುವಾರ ಮಧ್ಯಾಹ್ನ. ಕಾರಿನ ಕೆಳಗೆ ಮಲಗಿದ್ದೆ. ಹಳೇ ಎಣ್ಣೆ ಪೂರ್ತಿ ಇಳಿದಿತ್ತು, ಆಯಿಲ್ ಫಿಲ್ಟರ್ ಮಾತ್ರ ಅಲುಗುತ್ತಿರಲಿಲ್ಲ. ಬರಿಗೈಯಿಂದ ತಿರುಗಿಸಿದೆ. ಉಸುಕಿನ ಕಾಗದ ಸುತ್ತಿ ತಿರುಗಿಸಿದೆ. ಕೊನೆಗೆ ಎಲ್ಲರೂ ಹೇಳುವ ಹಾಗೆ ಸ್ಕ್ರೂಡ್ರೈವರ್ ತೂರಿಸಿ ತಿರುವಿದೆ. ತಗಡು ಹರಿಯಿತು, ಫಿಲ್ಟರ್ ಅಲ್ಲೇ ಕೂತಿತು, ಎಣ್ಣೆ ತೋಳಿನಗುಂಟ ಇಳಿದು ಬಗಲಿಗೆ ಬಂತು. ಹುಬ್ಬಳ್ಳಿಯಲ್ಲಿ ಭಾನುವಾರ ನಮ್ಮ ಓಣಿಯ ಅಂಗಡಿ ಯಾವುದೂ ತೆರೆದಿರಲಿಲ್ಲ. ಎಣ್ಣೆ ಇಲ್ಲದ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವ ಹಾಗೂ ಇಲ್ಲ.

ಹಿತ್ತಲಲ್ಲಿ ಬಿದ್ದಿದ್ದ ಸೈಕಲ್ ಚೈನಿನಿಂದ ಆವತ್ತು ಮಾಡಿಕೊಂಡದ್ದೇ ನನ್ನ ಮೊದಲ ಸಾಧನ. ಈಗ ಅಂಥವು ಒಂದು ಡಬ್ಬಿ ತುಂಬ ಇವೆ. ನನ್ನ ಹತ್ತಿರ ಇರುವುದು ಅಪ್ಪನ ಕಾಲದ ಮಾರುತಿ 800. ಮೂರು ಸಿಲಿಂಡರು, 796 ಸಿಸಿ, ಕಾರ್ಬುರೇಟರ್ ಎಂಜಿನ್ನು. ಇಲ್ಲಿ ಹೇಳುವ ಹೆಚ್ಚಿನ ಸಾಧನ ಬೇರೆ ಪೆಟ್ರೋಲ್ ಕಾರುಗಳಿಗೂ ಆಗುತ್ತವೆ. ಅಳತೆ ಮಾತ್ರ ನಿಮ್ಮ ಗಾಡಿಯಿಂದಲೇ ತೆಗೆದುಕೊಳ್ಳಿ.

ಯಾವುದು ಮಾಡಬೇಕು, ಯಾವುದು ಕೊಳ್ಳಬೇಕು

ಮಾಡುವ ಮೊದಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಕೆಲಸದ ನಡುವೆ ಇದು ಮುರಿದರೆ ಏನಾಗುತ್ತೆ? ಫಿಲ್ಟರ್ ಬಿಚ್ಚುವ ಚೈನ್ ಹರಿದರೆ ಗೆಣ್ಣು ತರಚುತ್ತದೆ, ಅಷ್ಟೇ. ಕಾರನ್ನು ಎತ್ತಿ ನಿಲ್ಲಿಸಿದ ಸ್ಟ್ಯಾಂಡ್ ಮುರಿದರೆ ಕೆಳಗಿದ್ದವನು ಏಳುವುದಿಲ್ಲ. ಹಾಗಾಗಿ ಜಾಕ್ ಸ್ಟ್ಯಾಂಡ್, ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗ್ ಒತ್ತುವ ಸಾಧನ, ಎಂಜಿನ್ ಎತ್ತುವ ಕೊಕ್ಕೆ, ಇವು ಮೂರನ್ನೂ ಮನೆಯಲ್ಲಿ ಮಾಡಬೇಡಿ. ವೆಲ್ಡಿಂಗ್ ಎಷ್ಟೇ ಚೆಂದ ಕಂಡರೂ ಬೇಡ. ಕಾರಿನ ಕೆಳಗೆ ಇಟ್ಟಿಗೆ ಇಡುವುದೂ ಬೇಡ. ಇಟ್ಟಿಗೆ ಮುರಿಯುವ ಮುಂಚೆ ಸದ್ದೇ ಮಾಡುವುದಿಲ್ಲ.

ಪಾನಾ, ಸಾಕೆಟ್ ಕೂಡ ಕೊಂಡದ್ದೇ ಇರಲಿ. ಹಿಡಿಯುವುದು, ಒತ್ತುವುದು, ಕೇಳುವುದು, ಅಳೆಯುವುದು, ಈ ನಾಲ್ಕು ಕೆಲಸದ ಸಾಧನಗಳನ್ನು ಮನೆಯಲ್ಲಿ ಮಾಡಬಹುದು. ಅಂಗಡಿಯಲ್ಲಿ ಸಿಗದೇ ಇರುವುದೂ ಹೆಚ್ಚಾಗಿ ಇವೇ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಹ್ಯಾಕ್ಸಾ, ಒಂದು ಅರ, ಗಟ್ಟಿಯಾದ ವೈಸ್, ಕೈ ಡ್ರಿಲ್, ಕಣ್ಣಿಗೆ ಕನ್ನಡಕ. ಗ್ರೈಂಡರ್ ಇದ್ದರೆ ಒಳ್ಳೆಯದು. ವೆಲ್ಡಿಂಗ್ ನನಗೆ ಬರುವುದಿಲ್ಲ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಸಣ್ಣ ಶೆಡ್ ಇಟ್ಟುಕೊಂಡಿರುವ ಒಬ್ಬ ಕಾಕಾ ಇದ್ದಾರೆ, ಅವರ ಹತ್ತಿರ ಹೋಗುತ್ತೇನೆ. ಕಬ್ಬಿಣಕ್ಕೆ ಗುಜರಿ ಅಂಗಡಿ. ತೂಕದ ಮೇಲೆ ಕೊಡುತ್ತಾರೆ, ಹುಡುಕುವ ತಾಳ್ಮೆ ನಿಮಗಿರಬೇಕು.

ಗುಜರಿಯಲ್ಲಿ ಕಬ್ಬಿಣ ಆರಿಸುವಾಗ ಮೂರು ವಿಷಯ ನೆನಪಿಡಿ. ಪಟ್ಟಿ, ಆಂಗಲ್, ಸರಳು ಹೆಚ್ಚಾಗಿ ಮೈಲ್ಡ್ ಸ್ಟೀಲ್. ಕೊರೆಯಲು, ಬೆಸೆಯಲು ಸುಲಭ. ಭಾರ ಹೆಚ್ಚಾದರೆ ಬಗ್ಗುತ್ತದೆ, ಒಮ್ಮೆಗೇ ಮುರಿಯುವುದಿಲ್ಲ. ನಮಗೆ ಬೇಕಾದ್ದೂ ಅದೇ. ಎರಡನೆಯದು, ಲಾರಿಯ ಕಮಾನ್ ಪಟ್ಟಿ. ಅದು ಸ್ಪ್ರಿಂಗ್ ಸ್ಟೀಲ್. ಸಾದಾ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ, ಹಾಗೇ ಬೆಸೆದರೆ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಮೂರನೆಯದು, ಬೀಡು ಕಬ್ಬಿಣ. ಬಗ್ಗುವುದಿಲ್ಲ, ಪಟ್ ಅಂತ ಮುರಿಯುತ್ತದೆ. ಸಾಧನಕ್ಕೆ ಬೇಡವೇ ಬೇಡ. ಬೋಲ್ಟ್ ಕೊಳ್ಳುವಾಗ ತಲೆಯ ಮೇಲೆ 8.8 ಅಂತ ಅಚ್ಚು ಇದೆಯಾ ನೋಡಿ, ಅದು ಗಟ್ಟಿ ಬೋಲ್ಟಿನ ಗುರುತು. ಇನ್ನು ಸತುವಿನ ಕಲಾಯಿ ಹಾಕಿದ ಜಿಐ ಪೈಪನ್ನು ಬೆಸೆಯಲು ಕೊಡುವ ಮುಂಚೆ, ಬೆಸೆಯುವ ಕಡೆ ಕಲಾಯಿಯನ್ನು ಪೂರ್ತಿ ಉಜ್ಜಿ ತೆಗೆಯಿರಿ. ಸುಟ್ಟ ಸತುವಿನ ಬಿಳಿ ಹೊಗೆ ಕುಡಿದರೆ ರಾತ್ರಿ ಜ್ವರ, ಮೈನೋವು ಬರುತ್ತದೆ. ವೆಲ್ಡಿಂಗ್ ಮಾಡುವವರು ನಿಮ್ಮನ್ನು ಬೈದರೆ ತಪ್ಪೇನಿಲ್ಲ.

ಸೈಕಲ್ ಚೈನಿನ ಫಿಲ್ಟರ್ ಪಾನಾ

ಇದು ಅರ್ಧ ಗಂಟೆಯ ಕೆಲಸ.

ಮೊದಲು ಫಿಲ್ಟರಿನ ಸುತ್ತಳತೆ ತೆಗೆಯಿರಿ. ದಾರ ಸುತ್ತಿ ಅಳೆದರೆ ಸಾಕು. ಅಡ್ಡಳತೆ 68 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 214 ಮಿ.ಮೀ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಾಗಾಗಿ ಸುತ್ತಲು 17 ಕೊಂಡಿ ಬೇಕು. ಹಿಡಿಯಲು, ಬೇರೆ ಫಿಲ್ಟರಿಗೂ ಆಗಲು ಇನ್ನೂ 8–10 ಕೊಂಡಿ ಬಿಟ್ಟು ಕತ್ತರಿಸಿ.

ನಂತರ 30 ಸೆಂ.ಮೀ. ಉದ್ದದ, 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಪಟ್ಟಿ ತೆಗೆದುಕೊಳ್ಳಿ. ಅದರ ಒಂದು ತುದಿಗೆ ಚೈನಿನ ಕೊನೆಯ ಕೊಂಡಿಯನ್ನು ಬೆಸೆಯಿರಿ. ಬೆಸುಗೆ ಬೇಡ ಅಂದರೆ ತುದಿಯಲ್ಲಿ ತೂತು ಕೊರೆದು ಚೈನನ್ನು ಬೋಲ್ಟಿನಿಂದ ಕಟ್ಟಬಹುದು. ಆ ತುದಿಯಿಂದ 3–4 ಸೆಂ.ಮೀ. ಹಿಂದೆ, ಪಟ್ಟಿಯ ಅಂಚಿನಲ್ಲಿ ಹ್ಯಾಕ್ಸಾದಿಂದ ಓರೆಯಾಗಿ ಒಂದು ಕಚ್ಚು ಕೊರೆಯಿರಿ. ಚೈನು ಸುತ್ತಿ ಬಂದ ಮೇಲೆ ಅದರ ಪಿನ್ನು ಈ ಕಚ್ಚಿನಲ್ಲಿ ಕೂರಬೇಕು.

ಬಳಸುವಾಗ ಪಟ್ಟಿಯ ತುದಿಯನ್ನು ಫಿಲ್ಟರಿಗೆ ಆನಿಸಿ, ಚೈನು ಸುತ್ತಿ, ಬಿಗಿಯಾಗಿ ಎಳೆದು ಕಚ್ಚಿಗೆ ಸಿಕ್ಕಿಸಿ. ಪಟ್ಟಿ ಎಳೆದಷ್ಟೂ ಚೈನು ಬಿಗಿಯಾಗುತ್ತದೆ. ಉಲ್ಟಾ ಸುತ್ತಿದರೆ ಸಡಿಲವಾಗಿ ಜಾರುತ್ತದೆ, ಆಗ ಸಾಧನ ತಿರುಗಿಸಿ ಹಾಕಿ. ಫಿಲ್ಟರಿನ ಬುಡದ ಹತ್ತಿರ ಹಿಡಿಯಿರಿ. ನಡುವಲ್ಲಿ ಹಿಡಿದರೆ ತಗಡು ನಜ್ಜುಗುಜ್ಜಾಗುತ್ತದೆ.

ಇದು ಬಿಚ್ಚಲು ಮಾತ್ರ. ಹೊಸ ಫಿಲ್ಟರಿನ ರಬ್ಬರಿಗೆ ಎಣ್ಣೆ ಸವರಿ, ರಬ್ಬರ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದರಂತೆ. ಆವತ್ತು ನನ್ನ ಫಿಲ್ಟರ್ ಅಲುಗದಿದ್ದಕ್ಕೆ ಕಾರಣ, ಹಿಂದಿನ ಸಲ ಯಾರೋ ಅದನ್ನು ಪಾನಾ ಹಾಕಿ ಬಿಗಿದಿದ್ದರು. ಯಾರೋ ಅಂದರೆ ನಾನೇ.

ಪುಲ್ಲಿ ಹಿಡಿಯುವ ಕೈ

ತೂತುಗಳಿರುವ ಪುಲ್ಲಿಯ ನಡುವಿನ ಬೋಲ್ಟ್ ಬಿಚ್ಚಬೇಕಾದಾಗ ಪುಲ್ಲಿಯೂ ಜೊತೆಗೆ ತಿರುಗುತ್ತದೆ. ವಾಲ್ವುಗಳನ್ನು ಓಡಿಸುವ ಟೈಮಿಂಗ್ ಬೆಲ್ಟಿನ ಬಲದ ಮೇಲೆ ಬಿಚ್ಚಲು ಹೋಗಬೇಡಿ. ಬೆಲ್ಟಿನ ಹಲ್ಲು ಹೋಗುತ್ತವೆ. ಫ್ಲೈವೀಲ್ ಹಲ್ಲಿಗೆ ಸ್ಕ್ರೂಡ್ರೈವರ್ ಕೊಡುವುದೂ ಒಳ್ಳೆಯ ಅಭ್ಯಾಸವಲ್ಲ.

ಎರಡು ಅಡಿ ಉದ್ದದ 25×6 ಪಟ್ಟಿ ಬೇಕು. ನಾನು ಮೊದಲು 3 ಮಿ.ಮೀ. ಪಟ್ಟಿಯಲ್ಲಿ ಮಾಡಿದ್ದೆ. ಅದು ಮೆಂತ್ಯದ ಸೊಪ್ಪಿನ ಹಾಗೆ ಬಾಗಿತು.

ತೂತುಗಳ ಜಾಗ ಗುರುತಿಸಲು ಹಳೇ ಮದುವೆ ಕಾರ್ಡಿಗಿಂತ ಒಳ್ಳೆಯದು ಯಾವುದೂ ಇಲ್ಲ. ದಪ್ಪವೂ ಸರಿ, ಪ್ರತಿ ಮನೆಯಲ್ಲೂ ಇರುತ್ತದೆ. ಕಾರ್ಡನ್ನು ಪುಲ್ಲಿಯ ಮೇಲೆ ಒತ್ತಿ ಹಿಡಿದು, ಎಣ್ಣೆ ಕೈಯಲ್ಲಿ ತೂತಿನ ಅಂಚಿನಗುಂಟ ಉಜ್ಜಿ. ಕಪ್ಪು ಉಂಗುರ ಮೂಡುತ್ತದೆ. ಎದುರು ಬದುರು ಇರುವ ಎರಡು ತೂತುಗಳ ನಡುಮಧ್ಯ ಗುರುತಿಸಿ. ಕಾರ್ಡನ್ನು ಪಟ್ಟಿಗೆ ಅಂಟಿಸಿ ಪಂಚ್ ಹೊಡೆಯಿರಿ, ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು. ಪುಲ್ಲಿಯ ತೂತಿಗೆ ಸರಿಯಾಗಿ ಕೂರುವ 8.8 ಬೋಲ್ಟುಗಳನ್ನು ನಟ್ ಹಾಕಿ ಪಟ್ಟಿಗೆ ಬಿಗಿಯಿರಿ. ಇವೇ ಸಾಧನದ ಎರಡು ಹಲ್ಲು. ನಡುವಿನ ಬೋಲ್ಟಿಗೆ ಸಾಕೆಟ್ ಹೋಗಬೇಕಲ್ಲ, ಅದಕ್ಕೆ ಪಟ್ಟಿಯ ನಡುವೆ ಜಾಗ ಬೇಕು. ಇಷ್ಟು ಅಗಲದ ಪಟ್ಟಿಯಲ್ಲಿ ಆ ತೂತು ಕೊರೆದರೆ ಕಬ್ಬಿಣವೇ ಉಳಿಯುವುದಿಲ್ಲ. ನಾನು ಪಟ್ಟಿಯ ತುದಿಗೆ ಅರ್ಧಚಂದ್ರದ ಹಾಗೆ ಒಂದು ದಪ್ಪ ತುಂಡು ಬೆಸೆಸಿ, ಹಲ್ಲುಗಳನ್ನು ಅದರ ಎರಡು ಕೊನೆಗೆ ಹಾಕಿದೆ. ಅರ್ಧಚಂದ್ರದ ಯೋಚನೆ ನನ್ನದಲ್ಲ. ಕಾಕಾ ನನ್ನ ಚಿತ್ರ ನೋಡಿ, "ತಮ್ಮಾ, ನಡುವ ತೂತು ಕೊರದ್ರ ಅಲ್ಲೇ ಮುರಿತೈತಿ. ಬಳಸಿಕೊಂಡು ಹೋಗು" ಅಂದರು.

ಎಲ್ಲಿ ಹಿಡಿಯಬೇಕು ಅನ್ನುವುದರ ಬಗ್ಗೆ ಒಂದು ಎಚ್ಚರ. ಕೆಲವು ಕ್ರ್ಯಾಂಕ್ ಪುಲ್ಲಿಗಳಲ್ಲಿ ಒಳಗಿನ ಚಕ್ರಕ್ಕೂ ಹೊರಗಿನ ಉಂಗುರಕ್ಕೂ ನಡುವೆ ರಬ್ಬರ್ ಇರುತ್ತದೆ. ಹೊರ ಉಂಗುರವನ್ನು ಹಿಡಿದು ಎಳೆದರೆ ರಬ್ಬರ್ ಕಿತ್ತು, ಪುಲ್ಲಿಯೇ ಹೋಗುತ್ತದೆ. ಯಾವಾಗಲೂ ಒಳಭಾಗವನ್ನೇ ಹಿಡಿಯಿರಿ.

ಹಳೇ ಸ್ಪಾರ್ಕ್ ಪ್ಲಗ್: ಡಬ್ಬಿಯಲ್ಲಿ ಅತಿ ಹೆಚ್ಚು ದುಡಿಯುವ ವಸ್ತು

ಒಂದೇ ಒಂದು ಸಾಧನ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಹೆಚ್ಚಿನ ಕಾರುಗಳ ಪ್ಲಗ್ ಥ್ರೆಡ್ 14 ಮಿ.ಮೀ., ಪಿಚ್ (ಒಂದು ಎಳೆಯಿಂದ ಇನ್ನೊಂದಕ್ಕೆ ಇರುವ ದೂರ) 1.25 ಮಿ.ಮೀ. ಬಿಸಾಡುವ ಪ್ಲಗ್ಗಿನ ಕಬ್ಬಿಣದ ಚಿಪ್ಪೇ ಸಿಲಿಂಡರಿನ ಒಳಗೆ ಹೋಗುವ ಬಾಗಿಲು.

ಪ್ಲಗ್ಗನ್ನು ವೈಸಿನಲ್ಲಿ ಆರು ಮೂಲೆಯ ಭಾಗಕ್ಕೆ ಹಿಡಿಯಿರಿ. ಥ್ರೆಡ್ಡಿಗೆ ಹಿಡಿದರೆ ಕೆಟ್ಟುಹೋಗುತ್ತದೆ. ಕೆಳಗಿನ ಬಾಗಿದ ಕೊಂಬನ್ನು, ಅಂದರೆ ಕಿಡಿ ಹಾರುವ ಕೊಂಬನ್ನು, ಹ್ಯಾಕ್ಸಾದಿಂದ ಕತ್ತರಿಸಿ. ಈಗ ಮೇಲೆ, ಬಿಳಿ ಪಿಂಗಾಣಿ ಕಬ್ಬಿಣದೊಳಗೆ ಇಳಿಯುವ ಕಡೆ ನೋಡಿ. ಕಬ್ಬಿಣದ ಅಂಚನ್ನು ಒಳಗೆ ಮಡಚಿ ಪಿಂಗಾಣಿಯನ್ನು ಹಿಡಿದಿರುತ್ತಾರೆ, ಹೋಳಿಗೆಯ ಅಂಚು ಮಡಚಿದ ಹಾಗೆ. ಆ ಮಡಿಕೆಯನ್ನು ಗ್ರೈಂಡರಿನಿಂದ ಅಥವಾ ಅರದಿಂದ ಉಜ್ಜಿ ತೆಗೆಯಬೇಕು. ಮಡಿಕೆ ಹೋದ ಮೇಲೆ ಕೆಳಗಿನಿಂದ ಒಂದು ಸರಳಿಟ್ಟು ಮೆಲ್ಲಗೆ ಕುಟ್ಟಿದರೆ ಪಿಂಗಾಣಿ ಪೂರ್ತಿ ಮೇಲೆ ಬರುತ್ತದೆ. ಅವಸರಪಟ್ಟು ಸುತ್ತಿಗೆಯಿಂದ ಒಡೆದರೆ ಚೂರುಗಳು ಹಾರುತ್ತವೆ. ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಖಾಲಿ ಚಿಪ್ಪಿನ ಮೇಲೆ ಪೈಪ್ ಸಿಕ್ಕಿಸುವ ನಿಪ್ಪಲ್ ಕೂರಿಸಬೇಕು. ಲೇತ್ ಅಂಗಡಿಯಲ್ಲಿ ಹಿತ್ತಾಳೆ ಹಾಕಿ ಬ್ರೇಜ್ ಮಾಡಿಸಿ. ಸುತ್ತ ಒಂದು ಸೂಜಿತೂತೂ ಉಳಿಯಬಾರದು. ನೀರಲ್ಲಿ ಮುಳುಗಿಸಿ ಗಾಳಿ ಊದಿ ನೋಡಿ. ಒಳಗೆ ಉಳಿದ ಪಿಂಗಾಣಿ ಪುಡಿ, ಗ್ರೈಂಡರ್ ಪುಡಿ ಎಲ್ಲ ಚಿಮಣಿ ಎಣ್ಣೆಯಲ್ಲಿ (ಸೀಮೆಎಣ್ಣೆ) ತೊಳೆದು ಗಾಳಿ ಹೊಡೆಯಿರಿ. ಒಂದು ಕಾಳು ಸಿಲಿಂಡರಿಗೆ ಬಿದ್ದರೂ ಗೋಡೆ ಗೀಚುತ್ತದೆ.

ಇದರಿಂದ ಮಾಡಬಹುದಾದ ಮೊದಲ ಕೆಲಸ ಬಹಳ ಸುಲಭ. ಒಂದನೇ ಸಿಲಿಂಡರಿನ ಪ್ಲಗ್ ಜಾಗದಲ್ಲಿ ಇದನ್ನು ಹಾಕಿ. ಉಳಿದ ಪ್ಲಗ್ಗುಗಳನ್ನೂ ಬಿಚ್ಚಿಡಿ. ನಿಪ್ಪಲಿಗೆ ರಬ್ಬರ್ ಕೈಗವಸಿನ ಒಂದು ಬೆರಳನ್ನು ಕತ್ತರಿಸಿ ಕಟ್ಟಿ. ಈಗ ಎಂಜಿನ್ನನ್ನು ಪಾನಾದಿಂದ ಮೆಲ್ಲಗೆ ತಿರುಗಿಸಿದರೆ, ಕಂಪ್ರೆಷನ್ ಹೊಡೆತ, ಅಂದರೆ ಪಿಸ್ಟನ್ ಮೇಲೇರಿ ಗಾಳಿ ಒತ್ತುವ ಸರದಿ, ಬರುವಾಗ ಬೆರಳು ನೆಟ್ಟಗೆ ಎದ್ದು ನಿಲ್ಲುತ್ತದೆ. ಹೊಗೆ ಹೊರಹಾಕುವ ಎಗ್ಜಾಸ್ಟ್ ಹೊಡೆತದಲ್ಲಿ ಏಳುವುದಿಲ್ಲ. ಟೈಮಿಂಗ್ ಕೆಲಸದಲ್ಲಿ ಇವೆರಡನ್ನು ಅದಲುಬದಲು ಮಾಡಿಕೊಂಡು ಇಡೀ ದಿನ ಕಳೆದವರು ಎಷ್ಟೋ ಜನ.

ಎರಡನೇ ಕೆಲಸ, ಕಂಪ್ರೆಷನ್ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು. ಪಿಸ್ಟನ್ನನ್ನು ಕಂಪ್ರೆಷನ್ನಿನ ತುತ್ತತುದಿಗೆ ತನ್ನಿ. ಎರಡೂ ವಾಲ್ವ್ ಮುಚ್ಚಿರುತ್ತವೆ. ಟೈರಿಗೆ ಗಾಳಿ ಹಾಕುವ 12 ವೋಲ್ಟಿನ ಪಂಪನ್ನು ಪೈಪಿನ ಮೂಲಕ ಜೋಡಿಸಿ. ಇಲ್ಲಿ ಒಂದು ನಿಮಿಷ ನಿಲ್ಲಿ. ನನ್ನ ಎಂಜಿನ್ನಿನ ಸಿಲಿಂಡರ್ 68.5 ಮಿ.ಮೀ. ಅಗಲ. ಪಿಸ್ಟನ್ನಿನ ತಲೆ ಸುಮಾರು 36.8 ಚದರ ಸೆಂ.ಮೀ. ಗಾಳಿ ಚದರ ಸೆಂ.ಮೀ.ಗೆ 3 ಕೆ.ಜಿ. ಒತ್ತಡದಲ್ಲಿದ್ದರೆ ಪಿಸ್ಟನ್ ಮೇಲೆ ಬೀಳುವ ಭಾರ 110 ಕೆ.ಜಿ. ಒಂದು ಕ್ವಿಂಟಲ್ ಜೋಳದ ಚೀಲಕ್ಕಿಂತ ಜಾಸ್ತಿ. ಪಿಸ್ಟನ್ ತುತ್ತತುದಿಯಿಂದ ಒಂದಿಷ್ಟು ಆಚೀಚೆ ಇದ್ದರೂ ಎಂಜಿನ್ ಧಡ್ ಅಂತ ತಿರುಗುತ್ತದೆ. ಆಗ ಕ್ರ್ಯಾಂಕ್ ಬೋಲ್ಟಿನ ಮೇಲೆ ಪಾನಾ ಮರೆತಿದ್ದರೆ ಅದು ರೇಡಿಯೇಟರಿಗೋ ನಿಮ್ಮ ಕೈಗೋ ಬಡಿಯುತ್ತದೆ. ಪಾನಾ ತೆಗೆಯಿರಿ, ಕೈ ತೆಗೆಯಿರಿ, ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡಿ.

ಇನ್ನು ಕಿವಿಯ ಕೆಲಸ. ಎಣ್ಣೆ ಹಾಕುವ ಮುಚ್ಚಳ ತೆಗೆದು ಕೇಳಿ. ಅಲ್ಲಿ ಜೋರಾಗಿ ಸುಯ್ ಅನ್ನುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿವೆ. ಸ್ವಲ್ಪ ಸದ್ದು ಎಲ್ಲ ಎಂಜಿನ್ನಿನಲ್ಲೂ ಇರುತ್ತದೆ, ಹೆದರಬೇಡಿ. ಸೈಲೆನ್ಸರ್ ಬಾಯಲ್ಲಿ ಕೇಳಿದರೆ ಎಗ್ಜಾಸ್ಟ್ ವಾಲ್ವ್. ಕಾರ್ಬುರೇಟರ್ ಬಾಯಲ್ಲಿ ಕೇಳಿದರೆ ಇನ್‌ಲೆಟ್ ವಾಲ್ವ್. ತಣ್ಣಗಿರುವ ರೇಡಿಯೇಟರಿನ ಮುಚ್ಚಳ ತೆಗೆದಾಗ ನೀರಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಗ್ಯಾಸ್ಕೆಟ್, ಇಲ್ಲವೇ ಹೆಡ್ಡಿನಲ್ಲೇ ಬಿರುಕು. ಸಾವಿರಾರು ರೂಪಾಯಿಯ ಹೆಡ್ ಕೆಲಸಕ್ಕೆ ಕೈ ಹಾಕುವ ಮೊದಲು ಈ ಹತ್ತು ನಿಮಿಷ ಕಳೆಯಿರಿ. ಒಮ್ಮೆ ಒಂದು ಗ್ಯಾರೇಜಿನಲ್ಲಿ ನನ್ನ ಕಾರಿಗೆ ರಿಂಗ್ ಹೋಗಿವೆ ಅಂದಿದ್ದರು. ಮನೆಗೆ ತಂದು ಗಾಳಿ ಬಿಟ್ಟಾಗ ಸದ್ದು ಬಂದದ್ದು ಸೈಲೆನ್ಸರಿನಲ್ಲಿ.

ಕೇಳುವ ಕಡ್ಡಿ

ಎರಡು ಅಡಿ ಉದ್ದದ 8 ಮಿ.ಮೀ. ಸರಳು, ಒಂದು ತುದಿಗೆ ಮರದ ಗುಂಡು ಹಿಡಿ. ಸರಳಿನ ತುದಿಯನ್ನು ಬೇರಿಂಗಿನ ಮನೆಗೆ ಆನಿಸಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ. ಆಲ್ಟರ್ನೇಟರ್ ಬೇರಿಂಗ್ ಸವೆದಿದ್ದರೆ ಬೀಸುವ ಕಲ್ಲಿನ ಸದ್ದು, ವಾಲ್ವ್ ಒತ್ತುವ ಟ್ಯಾಪೆಟ್ ಸಡಿಲವಾಗಿದ್ದರೆ ಟಿಕ್ ಟಿಕ್. ಎಂಜಿನ್ ಓಡುವಾಗ ಮಾಡುವ ಕೆಲಸ ಇದು. ಹೆಗಲ ಮೇಲೆ ಟವೆಲ್, ಕೊರಳಲ್ಲಿ ದಾರ, ಸಡಿಲ ತೋಳು ಯಾವುದೂ ಬೇಡ. ಎಲೆಕ್ಟ್ರಿಕ್ ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರು ಮಾಡುತ್ತದೆ. ಕೆಲವು ಕಾರುಗಳಲ್ಲಿ ಎಂಜಿನ್ ಬಂದ್ ಮಾಡಿದ ಮೇಲೂ ತಿರುಗುತ್ತದೆ.

ಸಿ ಕ್ಲ್ಯಾಂಪಿನಿಂದ ವಾಲ್ವ್ ಸ್ಪ್ರಿಂಗ್ ಒತ್ತುವ ಸಾಧನ

ಹೆಡ್ ಬಿಚ್ಚಿ ಹಲಗೆಯ ಮೇಲೆ ಇಟ್ಟ ಮೇಲೆ ಬೇಕಾಗುವ ಸಾಧನ ಇದು. ಸ್ಪ್ರಿಂಗಿನ ಮೇಲಿನ ಟೊಪ್ಪಿಯನ್ನು ಕೆಳಗೆ ಒತ್ತಿ ಹಿಡಿದು, ಅದರ ನಡುವೆ ಸಿಕ್ಕಿಕೊಂಡಿರುವ ಎರಡು ಪುಟ್ಟ ಲಾಕ್ ತೆಗೆಯಬೇಕು. ಕಡಲೆಬೇಳೆಯಷ್ಟು ದೊಡ್ಡವು.

6 ಇಂಚಿನ ಸಿ ಕ್ಲ್ಯಾಂಪ್ ಕೊಳ್ಳಿ. ಅಗ್ಗದವು ಬೀಡಿನವು, ಬೆಸುಗೆಯನ್ನೂ ತಡೆಯುವುದಿಲ್ಲ, ಭಾರವನ್ನೂ ತಡೆಯುವುದಿಲ್ಲ. ಉಕ್ಕಿನದನ್ನೇ ಕೇಳಿ. ಹೆಡ್ಡಿನ ಪಕ್ಕಕ್ಕೆ ಹಿಡಿದು, ಕ್ಲ್ಯಾಂಪಿನ ಹೊಟ್ಟೆ ಹೆಡ್ಡಿನ ಅಂಚನ್ನು ದಾಟಿ ವಾಲ್ವಿನ ತನಕ ಬರುತ್ತದಾ ಅಂತ ಅಳೆದು ನೋಡಿ. ನಾನು ಮೊದಲು 4 ಇಂಚಿನದು ತಂದು ವಾಪಸ್ ಕೊಡಬೇಕಾಯಿತು.

ಈಗ ಪೈಪ್ ತುಂಡು. ಅದರ ಹೊರ ಅಳತೆ ಟೊಪ್ಪಿಗಿಂತ ಕೂದಲಷ್ಟು ಸಣ್ಣದಿರಲಿ. ಒಳಗೆ ಲಾಕ್ ಹೊರಬರುವಷ್ಟು ಜಾಗ ಇರಲಿ. ಗೋಡೆ ಕನಿಷ್ಠ 2 ಮಿ.ಮೀ. ದಪ್ಪ, ಉದ್ದ 40 ಮಿ.ಮೀ. ಎರಡೂ ತುದಿ ನೇರವಾಗಿ ಕತ್ತರಿಸಿರಬೇಕು, ಓರೆಯಾಗಿದ್ದರೆ ಟೊಪ್ಪಿ ಒಂದು ಕಡೆ ವಾಲಿ ವಾಲ್ವ್ ಕಡ್ಡಿಯನ್ನು ಬಾಗಿಸುತ್ತದೆ. ಪೈಪಿನ ಎದುರು ಬದುರು ಎರಡು ಕಿಟಕಿ ಕೊರೆಯಿರಿ. ಒಂದು ಬೆರಳ ತುದಿ ಹೋಗುವಷ್ಟು ಅಗಲ. ಕೆಳಗಿನ ಅಂಚಿನಲ್ಲಿ 5 ಮಿ.ಮೀ. ಉಂಗುರ ಪೂರ್ತಿ ಉಳಿಸಿಕೊಳ್ಳಿ. ನಾನು ಮೊದಲನೆಯದರಲ್ಲಿ ಕಿಟಕಿಯನ್ನು ಕೆಳಗಿನ ತನಕ ಕೊರೆದುಬಿಟ್ಟಿದ್ದೆ. ಒತ್ತಿದ ಕೂಡಲೇ ಎರಡು ಕಾಲು ಅಗಲಿಸಿ ಕೂತುಬಿಟ್ಟಿತು.

ಪೈಪನ್ನು ಕ್ಲ್ಯಾಂಪಿನ ತಿರುಪಿನ ತುದಿಯಲ್ಲಿರುವ ಆಡುವ ಬಿಲ್ಲೆಗೆ ಬೆಸೆಸಿ. ತಿರುಪಿಗೇ ಬೆಸೆದರೆ ಪೈಪೂ ತಿರುಗಿ ಟೊಪ್ಪಿಯನ್ನು ಉಜ್ಜುತ್ತದೆ. "ಬಿಲ್ಲಿ ಬಿಚ್ಚಿ ಕೊಡು, ಇಲ್ಲಂದ್ರ ಬೆಂಕಿಗೆ ತಿರುಪಿಗೇ ಅಂಟಕೊಂತೈತಿ" ಅಂತ ಕಾಕಾ ಹೇಳಿದ್ದರು. ಬಿಚ್ಚಲು ಬರಲಿಲ್ಲ. ಹಸಿ ಬಟ್ಟೆ ಸುತ್ತಿ, ಒಂದೊಂದೇ ಚುಕ್ಕೆ ಹೊಡೆದು, ಆರಿಸಿ ಆರಿಸಿ ಬೆಸೆದರು. ಎದುರಿನ ದವಡೆ ವಾಲ್ವಿನ ಮುಖಕ್ಕೆ ಆನುತ್ತದೆ. ಅಲ್ಲಿಗೆ ಸಣ್ಣ ಮರದ ತುಂಡು ಅಥವಾ ಹಿತ್ತಾಳೆ ಬಿಲ್ಲೆ ಅಂಟಿಸಿ, ವಾಲ್ವಿಗೆ ಗೀರು ಬೀಳುವುದಿಲ್ಲ.

ಒತ್ತುವ ಮುಂಚೆ ಟೊಪ್ಪಿಯ ಮೇಲೆ ಒಂದು ಸಾಕೆಟ್ ಇಟ್ಟು ಮೆಲ್ಲಗೆ ಒಂದು ಏಟು. ವರ್ಷಗಟ್ಟಲೆ ಕಚ್ಚಿಕೊಂಡಿರುವ ಲಾಕ್ ಸಡಿಲವಾಗುತ್ತದೆ. ಕನ್ನಡಕ ಹಾಕಿ. ಇಡೀ ಹೆಡ್ಡನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕೈ ಒಳಗೆ ಹಾಕಿ ಕೆಲಸ ಮಾಡಿ. ಸುಮ್ನೆ ಹೇಳುತ್ತಿಲ್ಲ. ನನ್ನ ಮೊದಲ ಲಾಕ್ ಹಾರಿ ಪಕ್ಕದ ಮನೆಯವರ ತುಳಸಿಕಟ್ಟೆಯಲ್ಲಿ ಸಿಕ್ಕಿತು, ಅದೂ ಎರಡು ದಿನ ಬಿಟ್ಟು, ಅಜ್ಜಿ ನೀರು ಹಾಕುವಾಗ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ತಟ್ಟೆಯ ಕೆಳಗೆ ಅಂಟಿಸಿಟ್ಟರೆ ಬಿಚ್ಚಿದ ಲಾಕ್ ಅಲ್ಲೇ ಕೂರುತ್ತವೆ. ತಿರುಗಿ ಹಾಕುವಾಗ ಲಾಕಿಗೆ ಸ್ವಲ್ಪ ಗ್ರೀಸ್ ಹಚ್ಚಿ, ಕಡ್ಡಿಗೆ ಅಂಟಿಕೊಳ್ಳುತ್ತದೆ. ಯಾವ ವಾಲ್ವ್ ಎಲ್ಲಿಯದು ಎಂದು ತಿಳಿಯಲು ರಟ್ಟಿನ ಡಬ್ಬಿಗೆ ತೂತು ಹಾಕಿ, ನಂಬರ್ ಬರೆದು, ವಾಲ್ವುಗಳನ್ನು ಅದರಲ್ಲಿ ಚುಚ್ಚಿಡಿ.

ವಾಲ್ವ್ ಉಜ್ಜಲು ಬೇರೆ ಸಾಧನವೇ ಬೇಡ. ಕಡ್ಡಿಯ ತುದಿಗೆ ಬಿಗಿಯಾಗಿ ಕೂರುವ ಪೆಟ್ರೋಲ್ ಪೈಪಿನ ಒಂದು ತುಂಡು ಸಾಕು. ವಾಲ್ವಿನ ಅಂಚಿಗೆ ಮಾತ್ರ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಪೈಪನ್ನು ಎಳೆದು ಹಿಡಿದು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುವಿ. ಆಗಾಗ ಎತ್ತಿ ಜಾಗ ಬದಲಿಸಿ. ಒಂದೇ ಸಮನಾದ ಬೂದು ಉಂಗುರ ಬಂದರೆ ನಿಲ್ಲಿಸಿ. ಡ್ರಿಲ್ ಮಷೀನ್ ಹಾಕಿ ತಿರುಗಿಸುವವರಿದ್ದಾರೆ. ಐದು ನಿಮಿಷ ಉಳಿಯುತ್ತದೆ, ಸೀಟು ಸವೆಯುತ್ತದೆ. ಪೇಸ್ಟನ್ನು ಚಿಮಣಿ ಎಣ್ಣೆಯಿಂದ ಪೂರ್ತಿ ತೊಳೆಯಿರಿ. ಸ್ಪ್ರಿಂಗ್ ಹಾಕಿದ ಮೇಲೆ ಪೋರ್ಟಿನೊಳಗೆ ಚಿಮಣಿ ಎಣ್ಣೆ ಸುರಿದು ಐದು ನಿಮಿಷ ಬಿಡಿ, ವಾಲ್ವಿನ ಮುಖದ ಕಡೆ ಹನಿ ಕಾಣಬಾರದು.

ರಿಂಗ್ ಒತ್ತುವ ತಗಡು

ಪಿಸ್ಟನ್ನನ್ನು ಸಿಲಿಂಡರಿಗೆ ಇಳಿಸುವಾಗ ಅದರ ರಿಂಗುಗಳನ್ನು ಒತ್ತಿ ಹಿಡಿಯಲು ಇದು ಬೇಕು. 5 ಲೀಟರಿನ ಎಣ್ಣೆ ಡಬ್ಬಿಯ ತಗಡನ್ನು 7–8 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಅಂಚನ್ನು ಅರದಿಂದ ಸವರಿ, ಪಿಸ್ಟನ್ನಿಗೆ ಸುತ್ತಿ ಎರಡು ದೊಡ್ಡ ಹೋಸ್ ಕ್ಲಿಪ್ಪಿನಿಂದ ಬಿಗಿಯಿರಿ. ಒಳಗೆ ಧಾರಾಳ ಎಣ್ಣೆ. ರಿಂಗ್ ಬಾಯಿಗಳು ಒಂದರ ಕೆಳಗೆ ಒಂದು ಬರಬಾರದು. ಸುತ್ತಿಗೆಯ ಮರದ ಹಿಡಿಯಿಂದ ಪಿಸ್ಟನ್ನನ್ನು ತಟ್ಟಿ ಇಳಿಸಿ. ತಟ್ಟುವಾಗ ಒಮ್ಮೆಗೇ ತಡೆದ ಹಾಗಾದರೆ ನಿಲ್ಲಿಸಿ. ಒಂದು ರಿಂಗ್ ಹೊರಗೆ ಜಿಗಿದಿರುತ್ತದೆ. ಇನ್ನೊಂದು ಏಟು ಹಾಕಿದರೆ ಅದು ಮುರಿಯುತ್ತದೆ.

ಹತ್ತಿ ತೂಗುವ ಕಾಟಾದಿಂದ ಟಾರ್ಕ್ ಅಳೆಯುವುದು

ಹತ್ತಿ ಬೆಳೆಯುವ ಸೀಮೆಯಲ್ಲಿ ಹುಟ್ಟಿದವರ ಮನೆಯಲ್ಲಿ ಕೊಕ್ಕೆಯ ಸ್ಪ್ರಿಂಗ್ ಕಾಟಾ ಒಂದಾದರೂ ಇರುತ್ತದೆ. ಬ್ಯಾಗ್ ತೂಗುವ ಡಿಜಿಟಲ್ ಕಾಟಾ ಆದರೂ ಸರಿ. ಟಾರ್ಕ್ ಅಂದರೆ ಬೇರೇನಲ್ಲ, ಎಷ್ಟು ದೂರದಿಂದ ಎಷ್ಟು ಬಲ ಹಾಕಿದಿರಿ ಅನ್ನುವ ಲೆಕ್ಕ. ಬೋಲ್ಟಿನ ನಡುವಿನಿಂದ 50 ಸೆಂ.ಮೀ. ದೂರದಲ್ಲಿ 10 ಕೆ.ಜಿ. ಎಳೆದರೆ 5 ಕೆ.ಜಿ.-ಮೀಟರ್. ಇದನ್ನು 9.8ರಿಂದ ಗುಣಿಸಿದರೆ 49 ನ್ಯೂಟನ್-ಮೀಟರ್.

ಮೊದಲು ಕಾಟಾ ಸರಿ ಇದೆಯಾ ನೋಡಿ. ಒಂದು ಲೀಟರ್ ನೀರು ಒಂದು ಕೆ.ಜಿ. 10 ಲೀಟರ್ ಕ್ಯಾನ್ ತುಂಬಿ ತೂಗಿ, ಖಾಲಿ ಕ್ಯಾನಿನ ತೂಕ ಕಳೆಯಿರಿ. ಆಮೇಲೆ ಪಾನಾದ ಹಿಡಿಯ ಮೇಲೆ ಅಳತೆಯ ಜಾಗದಲ್ಲಿ ಗುರುತು ಹಾಕಿ, ಅಲ್ಲಿ ಕೊಕ್ಕೆ ಜಾರದಂತೆ ತಂತಿ ಸುತ್ತಿ. ಎಳೆಯುವಾಗ ಕಾಟಾ ಮತ್ತು ಪಾನಾ ಲಂಬಕೋನದಲ್ಲಿರಬೇಕು. ಓರೆ ಎಳೆದರೆ ಲೆಕ್ಕ ತಪ್ಪುತ್ತದೆ. ಜರ್ಕ್ ಕೊಡದೆ, ಬಾವಿಯಿಂದ ಕೊಡ ಎಳೆದ ಹಾಗೆ ಒಂದೇ ಸಮ ಎಳೆಯಿರಿ.

ಅಲ್ಯುಮಿನಿಯಂ ಹೆಡ್ಡಿನಲ್ಲಿ ವಾಶರ್ ಇರುವ 14 ಮಿ.ಮೀ. ಪ್ಲಗ್ಗಿಗೆ 25ರಿಂದ 30 ನ್ಯೂಟನ್-ಮೀಟರ್ ಸಾಕು. 25 ಸೆಂ.ಮೀ. ಹಿಡಿಯಲ್ಲಿ ಅದು 10ರಿಂದ 12 ಕೆ.ಜಿ. ಮೊದಲ ಸಲ ಅಳೆದಾಗ ನನಗೆ ಆಶ್ಚರ್ಯವಾಯಿತು. ಅಷ್ಟು ವರ್ಷ ನಾನು ಬಿಗಿಯುತ್ತಿದ್ದದ್ದು ಅದರ ಎರಡು ಪಟ್ಟು.

ಪ್ಲಗ್, ಟ್ಯಾಪೆಟ್ ಕವರ್, ಸಂಪ್ ಬೋಲ್ಟ್ ಇವಕ್ಕೆ ಕಾಟಾ ಸಾಕು. ಹೆಡ್ ಬೋಲ್ಟಿಗೆ, ಕನೆಕ್ಟಿಂಗ್ ರಾಡ್ ಬೋಲ್ಟಿಗೆ ಮಾತ್ರ ಒಳ್ಳೆಯ ಟಾರ್ಕ್ ರೆಂಚನ್ನು ಕೊಳ್ಳಿ, ಇಲ್ಲವೇ ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ. ಅಷ್ಟೊಂದು ಬೋಲ್ಟನ್ನು ಸುತ್ತು ಸುತ್ತಾಗಿ ಬಿಗಿಯುವಾಗ ಕೋನ, ದೂರ, ಕಾಟಾದ ಮುಳ್ಳು ಮೂರನ್ನೂ ಒಟ್ಟಿಗೆ ನೋಡಲು ಒಬ್ಬರಿಂದ ಆಗುವುದಿಲ್ಲ.

ಗಾಳಿ ಸೋರಿಕೆ ಮತ್ತು ಕರೆಂಟು

ಕಾರ್ಬುರೇಟರಿನ ಕೆಳಗೆ, ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲು ಪೈಪು) ಗ್ಯಾಸ್ಕೆಟ್ಟಿನಲ್ಲಿ ಗಾಳಿ ಎಳೆದರೆ ಎಂಜಿನ್ ನಿಂತಲ್ಲೇ ನಡುಗುತ್ತದೆ. ಎಂಜಿನ್ ಬಂದ್ ಮಾಡಿ, ತಣಿಯಲು ಬಿಟ್ಟು, ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಗಾಳಿ ಪಂಪನ್ನು ಒಂದು ವ್ಯಾಕ್ಯೂಮ್ ಪೈಪಿಗೆ ಜೋಡಿಸಿ. ಕಾರ್ಬುರೇಟರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಜೋಡಣೆಗಳ ಮೇಲೆ ಸೋಪಿನ ನೀರು ಸವರಿದರೆ ಸೋರುವಲ್ಲಿ ಗುಳ್ಳೆ ಬರುತ್ತದೆ. ವಾಲ್ವ್ ತೆರೆದಿರುವ ಸಿಲಿಂಡರಿನ ಮೂಲಕ ಸ್ವಲ್ಪ ಗಾಳಿ ಹೋಗಿಯೇ ಹೋಗುತ್ತದೆ, ಅದನ್ನು ಬಿಡಿ. ಊದಿನಕಡ್ಡಿಯ ಹೊಗೆ ತುಂಬಿಸಿ ನೋಡುವವರೂ ಇದ್ದಾರೆ. ಪೆಟ್ರೋಲಿನ ಆವಿ ಇರುವ ಜಾಗಕ್ಕೆ ಕೆಂಡದ ಸಂಬಂಧ ಯಾಕೆ ಬೇಕು? ನಾನಂತೂ ಮಾಡುವುದಿಲ್ಲ.

ಕರೆಂಟು ಬರುತ್ತಿದೆಯಾ ನೋಡುವ ಟೆಸ್ಟ್ ಲ್ಯಾಂಪಿಗೆ ಕಾರಿನ ಹಳೇ 5 ವ್ಯಾಟ್ ಬಲ್ಬು, ಎರಡು ವಯರು, ಒಂದಕ್ಕೆ ಕ್ಲಿಪ್ಪು, ಇನ್ನೊಂದಕ್ಕೆ ಚೂಪು ಮೊಳೆ. ಕಾರ್ಬುರೇಟರ್ ಕಾರಿಗೆ ಇದು ಸಾಕು. ಇಂಜೆಕ್ಷನ್ ಕಾರಿನಲ್ಲಿ ಕಂಪ್ಯೂಟರಿಗೆ ಹೋಗುವ ವಯರಿಗೆ ಈ ಬಲ್ಬ್ ಹಚ್ಚಬೇಡಿ. ಅದು ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಒಳಗಿನ ಸರ್ಕ್ಯೂಟ್ ಸುಟ್ಟೀತು. ಒಂದು ಎಲ್‌ಇಡಿಗೆ 1000 ಓಮ್ ರೆಸಿಸ್ಟರ್ ಸೇರಿಸಿದರೆ 10 ಮಿಲಿ ಆಂಪಿಯರ್ ಆಸುಪಾಸಿನಲ್ಲೇ ಉರಿಯುತ್ತದೆ. ಏರ್‌ಬ್ಯಾಗ್ ವಯರಿಂಗಿಗೆ ಎರಡನ್ನೂ ಮುಟ್ಟಿಸಬೇಡಿ.

ಹೆಸರು ಬರೆದಿಡಿ

ಆರು ತಿಂಗಳು ಬಿಟ್ಟು ನೋಡಿದರೆ ಈ ಬಾಗಿದ ಕಬ್ಬಿಣ ಯಾತಕ್ಕೆ ಅಂತ ನಿಮಗೇ ಗೊತ್ತಾಗುವುದಿಲ್ಲ. ಮನೆಯವರಿಗೆ ಹೇಗೆ ಗೊತ್ತಾಗಬೇಕು? ಹೋದ ದೀಪಾವಳಿಗೆ ನಾನು ಮನೆಗೆ ಬರುವಷ್ಟರಲ್ಲಿ ಗುಜರಿಯವರು ನನ್ನ ಡಬ್ಬಿಯನ್ನು ತಕ್ಕಡಿಗೆ ಏರಿಸಿದ್ದರು. ಆರೂವರೆ ಕೆ.ಜಿ. ತೂಗಿತ್ತು. ಮರಳಿ ಇಳಿಸಿಕೊಂಡು, ಆವತ್ತೇ ಎಲ್ಲಕ್ಕೂ ಹಳದಿ ಪೇಂಟ್ ಬಳಿದೆ. ಪ್ರತಿಯೊಂದರ ಮೇಲೂ ಚಾಣದಿಂದ ಕೆತ್ತಿದ್ದೇನೆ: ಯಾವ ಕಾರು, ಯಾವ ಬೋಲ್ಟು, ಎಷ್ಟು ಅಳತೆ. ಸೈಕಲ್ ಚೈನಿನದಕ್ಕೆ ಮಾತ್ರ "ಬಿಚ್ಚಲಿಕ್ಕೆ, ಬಿಗಿಯಲಿಕ್ಕಲ್ಲ" ಅಂತ ಬರೆದಿದೆ.